ಚಿನ್ನು, ಓಟಿನ ಫಾರಂ ತುಂಬಿದೆಯಾ?

ಚಿನ್ನು,

ಅಮೆರಿಕದ ಪೌರತ್ವದ ಪ್ರಮಾಣ ತೆಗೆದುಕೊಂಡ ದಿನದ ನಿನ್ನ ಫೋಟೋ ನೋಡಿ ತುಂಬಾ ಖುಷಿಯಾಯಿತು. ಆದರೆ ಮೊನ್ನೆ ಫೋನಿನಲ್ಲಿ "ಓಟಿಗೆ ಹೆಸರು ಕೊಟ್ಟಿಲ್ಲ ದೊಡ್ಡಮ್ಮ, ಪ್ರೆಸಿಡೆಂಟ್ ಎಲೆಕ್ಷನ್ ಬರಲಿ, ನೋಡೋಣ" ಅಂದೆಯಲ್ಲ, ಅದು ನನಗೆ ಸರಿಬರಲಿಲ್ಲ. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂದುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಜನಾಂಗ, ಬಣ್ಣ ನೋಡಿ ಓಟು ತಪ್ಪಿಸಬಾರದು ಅಂತ ಅಮೆರಿಕದ ಸಂವಿಧಾನಕ್ಕೆ 15ನೇ ತಿದ್ದುಪಡಿ ಬಂದದ್ದು 1870ರಲ್ಲಿ. ಕಪ್ಪು ಜನ ಓಟು ಹಾಕಿದರು, ಗೆದ್ದು ಅಲ್ಲಿನ ಸಂಸತ್ತಾದ ಕಾಂಗ್ರೆಸ್‌ಗೂ ಹೋದರು. ಆಮೇಲೆ ದಕ್ಷಿಣದ ರಾಜ್ಯಗಳು ಅದನ್ನು ವಾಪಸ್ ಕಿತ್ತುಕೊಂಡವು. ಹೇಗೆ ಗೊತ್ತಾ? ಕಾನೂನಿನಲ್ಲಿ ಎಲ್ಲೂ ಬಣ್ಣದ ಮಾತೇ ಎತ್ತಲಿಲ್ಲ. ಓಟು ಹಾಕಬೇಕಾದರೆ ತೆರಿಗೆ ಕಟ್ಟು ಅಂದರು, ಓದಿ ಅರ್ಥ ಹೇಳು ಅಂದರು. ನೀನಿರುವ ಜಾರ್ಜಿಯಾದಲ್ಲಂತೂ ಕಟ್ಟದೆ ಬಿಟ್ಟ ವರ್ಷಗಳ ಬಾಕಿಯೆಲ್ಲ ಸೇರಿಸಿ ಕಟ್ಟಿದರೇ ಓಟು. ಲೂಸಿಯಾನಾದಲ್ಲಿ 1867ಕ್ಕೆ ಮೊದಲೇ ನಿಮ್ಮಪ್ಪನಿಗೋ ತಾತನಿಗೋ ಓಟಿತ್ತು ಅಂದರೆ ಪರೀಕ್ಷೆ ಮಾಫಿ. ಆಗ ಗುಲಾಮರಾಗಿದ್ದವರ ಮಕ್ಕಳಿಗೆ ಅದೆಲ್ಲಿಂದ ಬರಬೇಕು ಹೇಳು! ಆ ರಾಜ್ಯದಲ್ಲಿ 1896ರಲ್ಲಿ 1,30,000 ಕಪ್ಪು ಮತದಾರರಿದ್ದರು. ನಾಲ್ಕೇ ವರ್ಷದಲ್ಲಿ ಅದು 5,000 ಚಿಲ್ಲರೆಗೆ ಇಳಿಯಿತು.

1920ರಲ್ಲಿ 19ನೇ ತಿದ್ದುಪಡಿಯಿಂದ ಹೆಂಗಸರಿಗೆ ಓಟು ಬಂತು, ಆದರೆ ದಕ್ಷಿಣದ ಕಪ್ಪು ಹೆಂಗಸರಿಗೆ ಅದೇ ತೆರಿಗೆ, ಅದೇ ಪರೀಕ್ಷೆ ಅಡ್ಡ ಬಂದವು. ನಮ್ಮವರ ಕಥೆಯೂ ಇದೆ. ಭಗತ್ ಸಿಂಗ್ ಥಿಂದ್ ಅಂತ ಒಬ್ಬರು, ಅಮೆರಿಕದ ಸೈನ್ಯದಲ್ಲಿ ದುಡಿದವರು. ಅವರು ಬಿಳಿಯರಲ್ಲ, ಆದ್ದರಿಂದ ಪ್ರಜೆಯಾಗುವಂತಿಲ್ಲ ಅಂತ 1923ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಭಾರತದವರು ಪ್ರಜೆಗಳಾಗಬಹುದು ಅಂತ ಕಾನೂನು ಬಂದದ್ದು 1946ರಲ್ಲಿ. ನೀನು ಮೊನ್ನೆ ತೆಗೆದುಕೊಂಡ ಪ್ರಮಾಣಕ್ಕೂ ಅದಕ್ಕೂ ನೇರ ಸಂಬಂಧವಿದೆ.

ಅಟ್ಲಾಂಟಾದಿಂದ ಅಲಬಾಮಾದ ಸೆಲ್ಮಾ ಕಾರಿನಲ್ಲಿ ಮೂರೂವರೆ ಗಂಟೆ ದಾರಿ, ಒಮ್ಮೆ ಹೋಗಿ ಬಾ. 1965ರ ಹೊತ್ತಿಗೆ ಆ ಊರಿನ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) ಓಟಿನ ವಯಸ್ಸಿನ ಕಪ್ಪು ಜನ ಸುಮಾರು 15,000 ಇದ್ದರು. ಪಟ್ಟಿಯಲ್ಲಿದ್ದವರು ಮುನ್ನೂರು ಚಿಲ್ಲರೆ. ಹೆಸರು ಸೇರಿಸುವ ಆಫೀಸ್ ತೆಗೆಯುತ್ತಿದ್ದದ್ದೇ ತಿಂಗಳಿಗೆ ಎರಡು ಸೋಮವಾರ. ಕೆಲಸ ಬಿಟ್ಟು ಬಂದು ಸಾಲಿನಲ್ಲಿ ನಿಂತರೆ ಜಿಮ್ ಕ್ಲಾರ್ಕ್ ಅನ್ನುವ ಶೆರಿಫ್, ಅಂದರೆ ಕೌಂಟಿಯ ಜನ ಆರಿಸಿದ ಪೊಲೀಸ್ ಮುಖ್ಯಸ್ಥ, ಅವರನ್ನೇ ಹಿಡಿದು ಜೈಲಿಗೆ ಹಾಕುತ್ತಿದ್ದ. 1965ರ ಮಾರ್ಚ್ 7ರಂದು ಓಟಿನ ಹಕ್ಕು ಕೇಳುತ್ತ ಅಲ್ಲಿನ ಸೇತುವೆ ದಾಟಿ ಹೊರಟವರ ಮೇಲೆ ರಾಜ್ಯದ ಪೊಲೀಸರೂ ಅವನ ಕಡೆಯವರೂ ಲಾಠಿ ಬೀಸಿದರು, ಅಶ್ರುವಾಯು ಬಿಟ್ಟರು. ಜಾನ್ ಲೂಯಿಸ್ ತಲೆಗೆ ಪೆಟ್ಟು ಬಿತ್ತು. ಮುಂದೆ ನಿಮ್ಮ ಅಟ್ಲಾಂಟಾದಿಂದ ಅಷ್ಟು ವರ್ಷ ಕಾಂಗ್ರೆಸ್‌ನಲ್ಲಿದ್ದವರು ಇವರೇ. ಅಮೇಲಿಯಾ ಬಾಯ್ನ್‌ಟನ್ ಅನ್ನುವ ಹೆಂಗಸು ಏಟು ತಿಂದು ಎಚ್ಚರ ತಪ್ಪಿ ಬಿದ್ದ ಫೋಟೋ ಲೋಕವೆಲ್ಲ ನೋಡಿತು. ಆಗಸ್ಟ್ 6ಕ್ಕೆ ಪ್ರೆಸಿಡೆಂಟ್ ಜಾನ್ಸನ್ ಮತದಾನ ಹಕ್ಕಿನ ಕಾಯಿದೆಗೆ ಸಹಿ ಹಾಕಿದರು.

ನಾನು ನಿನಗೆ ಮುಖ್ಯವಾಗಿ ಹೇಳಬೇಕು ಅಂತಿದ್ದದ್ದು ಇದರ ಮುಂದಿನದು. ಆ ಕಾಯಿದೆ ಬಂದ ಮೇಲೆ ಪಟ್ಟಿಗೆ ಹೊಸದಾಗಿ ಸೇರಿದ ಸೆಲ್ಮಾದ ಜನ ಪ್ರೆಸಿಡೆಂಟ್ ಎಲೆಕ್ಷನ್‌ಗೆ ಕಾಯಲಿಲ್ಲ. 1966ರಲ್ಲಿ ಶೆರಿಫ್ ಚುನಾವಣೆ ಬಂತು, ಅದೇ ಕ್ಲಾರ್ಕ್‌ನನ್ನು ಸೋಲಿಸಿದರು. ಕಪ್ಪು ಜನ ಓಟು ಹಾಕಿದ್ದ ಕೆಲವು ಪೆಟ್ಟಿಗೆಗಳನ್ನೇ ಲೆಕ್ಕಕ್ಕೆ ತೆಗೆದುಕೊಳ್ಳದಿರುವ ಪ್ರಯತ್ನ ನಡೆಯಿತು, ಕೋರ್ಟ್ ಬಿಡಲಿಲ್ಲ. ಸಾಲಿನಿಂದ ಎಳೆದು ಜೈಲಿಗೆ ಹಾಕಿದವನನ್ನು ಅದೇ ಜನ ಓಟು ಹಾಕಿ ಮನೆಗೆ ಕಳಿಸಿದರು. ಊರಿನ ಚುನಾವಣೆ ಅಂದರೆ ಸಣ್ಣದು ಅನ್ನುತ್ತೀಯಲ್ಲ, ನನಗಂತೂ ಅದಕ್ಕಿಂತ ದೊಡ್ಡದು ಕಾಣಿಸುವುದಿಲ್ಲ.

ಈಗ ನಿನ್ನ ವಿಷಯ. 1965ರ ಆ ಕಾಯಿದೆಯ ಪ್ರಕಾರ ಅಲಬಾಮಾ, ಜಾರ್ಜಿಯಾದಂಥ ರಾಜ್ಯಗಳು ಒಂದು ಬೂತ್ ಬದಲಿಸಬೇಕಾದರೂ ಮೊದಲು ವಾಷಿಂಗ್ಟನ್ನಿನ ಒಪ್ಪಿಗೆ ಪಡೆಯಬೇಕಿತ್ತು. ಯಾವ ರಾಜ್ಯಗಳು ಒಪ್ಪಿಗೆ ಪಡೆಯಬೇಕು ಅಂತ ಹೇಳುತ್ತಿದ್ದ ಸೂತ್ರವನ್ನು ಸುಪ್ರೀಂ ಕೋರ್ಟ್ 2013ರಲ್ಲಿ ತೆಗೆದುಹಾಕಿತು, ಅಲ್ಲಿಗೆ ಆ ಕಾವಲೂ ಹೋಯಿತು. ಮಳೆಯಲ್ಲಿ ನೆನೆಯುತ್ತಿಲ್ಲ ಅಂತ ಕೊಡೆ ಬಿಸಾಡಿದ ಹಾಗೆ ಅಂತ, ಆ ತೀರ್ಪನ್ನು ಒಪ್ಪದ ಅದೇ ಕೋರ್ಟಿನ ಜಸ್ಟಿಸ್ ಗಿನ್ಸ್‌ಬರ್ಗ್ ಆಗಲೇ ಬರೆದರು. ಅವರು ಹೇಳಿದ್ದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಹಾಗಾಗಿ ನಿನ್ನ ಹೆಸರನ್ನು ನೀನೇ ಕಾಯಬೇಕು. ಜಾರ್ಜಿಯಾದಲ್ಲಿ ಚುನಾವಣೆಗೆ ಸುಮಾರು ಒಂದು ತಿಂಗಳ ಮೊದಲೇ ನೋಂದಣಿ ನಿಂತುಹೋಗುತ್ತದೆ. ಹಲವು ವರ್ಷ ಓಟು ಹಾಕದೆ, ಚುನಾವಣಾ ಆಫೀಸಿನವರು ಕಳಿಸಿದ ಕಾರ್ಡಿಗೂ ಉತ್ತರ ಕೊಡದೆ ಕೂತರೆ ಹೆಸರು ಹೋಗುತ್ತದೆ. ಮನೆ ಬದಲಿಸಿದರೆ ವಿಳಾಸ ತಿದ್ದಿಸು.

ಅಳಿಯಂದಿರಿಗೂ ಒಂದು ಮಾತು ಹೇಳು. ಅವರದು ಇನ್ನೂ ಗ್ರೀನ್ ಕಾರ್ಡ್ ಅಲ್ವಾ? ಡ್ರೈವಿಂಗ್ ಲೈಸೆನ್ಸ್ ಆಫೀಸಿನಲ್ಲಿ ಓಟಿನ ಪ್ರಶ್ನೆ ಬಂದರೆ ಸುಮ್ನೆ ಟಿಕ್ ಹಾಕಬಾರದು. ಪ್ರಜೆಯಲ್ಲದವರು ನೋಂದಾಯಿಸಿದರೆ ದೇಶ ಬಿಡುವವರೆಗೂ ಹೋಗಬಹುದು.

ಆಮೇಲೆ, ಕರೆಂಟ್ ಬಿಲ್ ಜಾಸ್ತಿ ಅಂತ ಗೊಣಗುತ್ತಿದ್ದೆಯಲ್ಲ. ಜಾರ್ಜಿಯಾ ಪವರ್ ಕಂಪನಿಯ ದರಕ್ಕೆ ಒಪ್ಪಿಗೆ ಕೊಡುವ ಪಬ್ಲಿಕ್ ಸರ್ವಿಸ್ ಕಮಿಷನ್ನಿನ ಐದೂ ಜನರನ್ನು ಆರಿಸುವುದು ನಿಮ್ಮಂಥ ಮತದಾರರೇ. ಈ ಭಾನುವಾರ ಕೂತು ಫಾರಂ ತುಂಬು. ಕೌಂಟಿಯಿಂದ ಓಟಿನ ಕಾರ್ಡ್ ಬಂದ ಕೂಡಲೇ ನನಗೊಂದು ಫೋಟೋ ಕಳಿಸು.

ನಿನ್ನ ದೊಡ್ಡಮ್ಮ