ಸ್ವಿಂಡನ್‌ನಲ್ಲಿ ಓಟು ಹಾಕಿದ ನಮ್ಮವರಿಗೆಲ್ಲ ಧನ್ಯವಾದ

ಎಲ್ಲರಿಗೂ ನಮಸ್ಕಾರ.

ಅಂತೂ ಎರಡೂ ಚುನಾವಣೆ ಮುಗಿದವು. 2023ರ ಮೇ 4ರ ಗುರುವಾರ ಇಲ್ಲಿ ಇಂಗ್ಲೆಂಡಿನಲ್ಲಿ, ನಮ್ಮ ಸ್ವಿಂಡನ್ ಊರಿನ ಬರೋ ಕೌನ್ಸಿಲ್‌ಗೆ, ಅಂದರೆ ಇಲ್ಲಿನ ನಗರಸಭೆಗೆ, ಮತದಾನ. ಮಾರನೇ ದಿನ ಫಲಿತಾಂಶ. ಶನಿವಾರ ಲಂಡನ್‌ನಲ್ಲಿ ರಾಜರ ಪಟ್ಟಾಭಿಷೇಕ. ಮುಂದಿನ ಬುಧವಾರ, 10ನೇ ತಾರೀಕು, ಊರಲ್ಲಿ ವಿಧಾನಸಭೆಗೆ ಮತದಾನ. ಮೊನ್ನೆ 13ರ ಶನಿವಾರ ಬೆಳಗಿನ ಜಾವವೇ ಎದ್ದು ಕರ್ನಾಟಕದ ಎಣಿಕೆ ನೋಡುತ್ತಾ ಕೂತವರು ನಮ್ಮಲ್ಲಿ ಜಾಸ್ತಿ ಜನ. ಇವತ್ತು ಪುರುಸೊತ್ತಾಗಿದೆ. ಹೇಳಬೇಕಾದ ಧನ್ಯವಾದ ಬಾಕಿ ಉಳಿದಿದೆ, ಅದನ್ನು ಹೇಳಿಬಿಡುತ್ತೇನೆ.

ಮೊದಲು ಫಲಿತಾಂಶದ ಬಗ್ಗೆ ಎರಡು ಮಾತು. ಸುಮಾರು ಇಪ್ಪತ್ತು ವರ್ಷ ಕನ್ಸರ್ವೇಟಿವ್ ಪಕ್ಷದ ಕೈಯಲ್ಲಿದ್ದ ಸ್ವಿಂಡನ್ ಕೌನ್ಸಿಲ್ ಈ ಸಲ ಲೇಬರ್ ಪಕ್ಷಕ್ಕೆ ಹೋಯಿತು. ಒಟ್ಟು 57 ಸೀಟು, ಬಹುಮತಕ್ಕೆ 29 ಬೇಕು. 2023ರಲ್ಲಿ ಇಲ್ಲಿ ಎಲ್ಲ ಸೀಟಿಗೂ ಒಟ್ಟಿಗೆ ಚುನಾವಣೆ ನಡೆಯುತ್ತಿರಲಿಲ್ಲ. ನಾಲ್ಕು ವರ್ಷದಲ್ಲಿ ಮೂರು ವರ್ಷ, ಸಲಕ್ಕೆ ಮೂರನೇ ಒಂದು ಭಾಗ. ಲೇಬರ್ ನಾಯಕ ಕಿಯರ್ ಸ್ಟಾರ್ಮರ್ ಮಾರ್ಚ್ 30ರಂದು ಇಡೀ ಇಂಗ್ಲೆಂಡಿನ ಪ್ರಚಾರ ಶುರು ಮಾಡಿದ್ದೇ ನಮ್ಮೂರಿನಿಂದ. ಹೋಂಡಾ ಕಾರ್ಖಾನೆ 2021ರ ಜುಲೈನಲ್ಲಿ ಬಾಗಿಲು ಹಾಕಿ ಸುಮಾರು 3,000 ಕೆಲಸ ಹೋದ ಮೇಲೆ ಈ ಊರು ಯಾವ ಕಡೆ ವಾಲುತ್ತದೆ ಅಂತ ಎಲ್ಲರ ಕಣ್ಣೂ ಇತ್ತು. ನಮ್ಮ ಕನ್ನಡದವರಲ್ಲಿ ಗೆದ್ದವರ ಕಡೆಯವರೂ ಇದ್ದಾರೆ, ಸೋತವರ ಕಡೆಯವರೂ ಇದ್ದಾರೆ. ಅದು ಅವರವರ ಇಷ್ಟ. ಹೆಸರು ನೋಂದಾಯಿಸಿ, ಓಟು ಹಾಕಿ ಅಂತ ಹೇಳಲು ನಾವು ನಮ್ಮವರ ಮನೆಮನೆಗೆ ಹೋದಾಗ ಯಾವ ಪಕ್ಷದ ಹೆಸರನ್ನೂ ಎತ್ತಲಿಲ್ಲ. ನನ್ನ ಧನ್ಯವಾದ ಇರುವುದು ಓಟು ಹಾಕಿದವರಿಗೆ, ಹಾಕಿಸಿದವರಿಗೆ.

ನಮಗೆ ಇಲ್ಲಿ ಓಟಿದೆ ಅನ್ನೋದೇ ಎಷ್ಟೋ ಮನೆಯಲ್ಲಿ ಗೊತ್ತಿರಲಿಲ್ಲ. ಬ್ರಿಟಿಷ್ ಪಾಸ್‌ಪೋರ್ಟ್ ಬಂದ ಮೇಲೆ ನೋಡೋಣ ಅಂತ ಸುಮ್ಮನಿದ್ದವರೇ ಹೆಚ್ಚು. ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ ಕೆಲಸದ ವೀಸಾ ಇರಲಿ, ಓದುವ ವೀಸಾ ಇರಲಿ, ಇಲ್ಲಿ ವಾಸವಾಗಿರುವ 18 ದಾಟಿದ ಭಾರತೀಯರು ಹೆಸರು ನೋಂದಾಯಿಸಿ ಓಟು ಹಾಕಬಹುದು. ಕೌನ್ಸಿಲ್‌ಗೂ ಹಾಕಬಹುದು, ಪಾರ್ಲಿಮೆಂಟಿಗೂ ಹಾಕಬಹುದು. ಕಾಯಂ ವಾಸದ ಅನುಮತಿ ಸಿಕ್ಕವರು ಕೌನ್ಸಿಲ್ ಚುನಾವಣೆಗೆ ನಿಲ್ಲಲೂಬಹುದು. ಅದಕ್ಕೆ ಠೇವಣಿ ಕೂಡ ಕಟ್ಟಬೇಕಾಗಿಲ್ಲ. ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲ್ ಲಂಡನ್‌ನ ಲ್ಯಾಂಬೆತ್ ಬರೋದಲ್ಲಿ ಕೌನ್ಸಿಲರ್ ಆಗಿ, ಆಮೇಲೆ 2010ರಲ್ಲಿ ಮೇಯರ್ ಕೂಡ ಆದರು. ಅದೇ ಲ್ಯಾಂಬೆತ್‌ನ ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆ ಮುಂದೆ ನಿಂತು ಫೋಟೋ ತೆಗೆಸಿಕೊಂಡ ನಮ್ಮವರಲ್ಲಿ ಎಷ್ಟು ಜನರಿಗೆ ಇದು ಗೊತ್ತಿತ್ತು?

ಇತ್ತ ಊರಿನ ಓಟಿನ ಕಥೆ ನಿಮಗೆ ಗೊತ್ತೇ ಇದೆ. ಭಾರತದ ಪಾಸ್‌ಪೋರ್ಟ್ ಇದ್ದವರು ಅಲ್ಲಿನ ಪಟ್ಟಿಯಲ್ಲಿ ಹೆಸರು ಸೇರಿಸಬಹುದು. ಆದರೆ ಮತದಾನದ ದಿನ ಬೂತಿಗೆ ಖುದ್ದಾಗಿ ಹೋಗಬೇಕು. ಮೇ 10ಕ್ಕೆ ಟಿಕೆಟ್ ತೆಗೆದುಕೊಂಡು ಹುಬ್ಬಳ್ಳಿಗೆ ಹೋಗಲು ಯಾರಿಗಾಗುತ್ತದೆ? ಅಲ್ಲಿ ಹಾಕಲಾಗಲಿಲ್ಲ ಅಂತ ಕೊರಗುವ ನಾವು, ಮನೆಯಿಂದ ನಾಲ್ಕು ಹೆಜ್ಜೆ ದೂರದ ಚರ್ಚ್ ಹಾಲ್‌ನಲ್ಲಿ ಸಿಗುವ ಓಟನ್ನು ಬಿಡುವುದು ನನಗೆ ಸರಿ ಕಾಣಲಿಲ್ಲ. ಈ ಕೆಲಸಕ್ಕೆ ಕೈಹಾಕಿದ್ದು ಅದಕ್ಕೇ.

ಏಪ್ರಿಲ್ 17 ನೋಂದಣಿಗೆ ಕೊನೇ ದಿನ. ಅವತ್ತು ರಾತ್ರಿ ಹನ್ನೆರಡರೊಳಗೆ ಆನ್‌ಲೈನ್‌ನಲ್ಲಿ ಹೆಸರು ಹಾಕಬೇಕಿತ್ತು. ಸೋಮವಾರ ಬೇರೆ. ಆಫೀಸು ಮುಗಿಸಿ ಬಂದ ನಮ್ಮ ಹುಡುಗರು ಊಟವನ್ನೂ ಮಾಡದೆ ಫೋನು ಹಿಡಿದು ಕೂತರು. ಒಬ್ಬರಿಗೆ ನೋಂದಣಿಗೆ ಕೇಳುವ ನ್ಯಾಷನಲ್ ಇನ್ಶೂರೆನ್ಸ್ ನಂಬರ್ (ಇಲ್ಲಿ ಕೆಲಸ ಮಾಡುವವರಿಗೆ ಸರ್ಕಾರ ಕೊಡುವ ನಂಬರ್) ಸಿಗುತ್ತಿಲ್ಲ. ಇನ್ನೊಬ್ಬರದು ಹಳೇ ಮನೆ ವಿಳಾಸ. ಮತ್ತೊಬ್ಬರಿಗೆ, ಹೆಸರು ಕೊಟ್ಟರೆ ವೀಸಾಕ್ಕೆ ಏನಾದರೂ ತೊಂದರೆ ಆಗುತ್ತಾ ಅಂತ ಹೆದರಿಕೆ. ಆ ಹೆದರಿಕೆಯನ್ನು ತಾಳ್ಮೆಯಿಂದ ಹೋಗಲಾಡಿಸಿದ್ದು ನಮ್ಮ ದಾವಣಗೆರೆಯ ತಮ್ಮ. ಅವನು ಓದಲು ಬಂದ ಹುಡುಗ, ಅವನಿಗೇ ಅದು ಮೊದಲ ಓಟು. ಹನ್ನೊಂದೂವರೆ ಹೊತ್ತಿಗೆ ಒಬ್ಬ ಅಣ್ಣ ಫೋನ್ ಮಾಡಿ, "ನಂದು ಆಯ್ತು, ನನ್ನ ಹೆಂಡತಿದು ಉಳಿದಿದೆ, ಹಿಡ್ಕೊಳಿ" ಅಂದರು. ಅಡುಗೆಮನೆಯಲ್ಲಿ ಹಾಲು ಹೆಪ್ಪು ಹಾಕುತ್ತಿದ್ದ ಅಕ್ಕ ಕೈ ಒರೆಸಿಕೊಂಡು ಬಂದು, ತಮ್ಮ ನಂಬರಿನ ಒಂದೊಂದೇ ಅಂಕಿ ಓದಿ ಹೇಳಿದರು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಅದೂ ಆಯಿತು. ಆ ದಂಪತಿಗೂ ನಮ್ಮ ತಮ್ಮನಿಗೂ ನಾನು ಋಣಿ.

ಈ ಸಲದ ದೊಡ್ಡ ತಲೆನೋವು ಗುರುತಿನ ಚೀಟಿ. ಇಂಗ್ಲೆಂಡಿನಲ್ಲಿ ಬೂತಿಗೆ ಹೋಗಿ ಓಟು ಹಾಕುವ ಎಲ್ಲರೂ ಫೋಟೋ ಇರುವ ಗುರುತು ತೋರಿಸಬೇಕು ಅನ್ನುವ ನಿಯಮ ಬಂದಿದ್ದು ಇದೇ ಮೊದಲು. ಎಷ್ಟೋ ಕಡೆ ಜನ ಬಾಗಿಲ ತನಕ ಹೋಗಿ ವಾಪಸ್ ಬಂದರಂತೆ. ನಮ್ಮ ಗುಂಪಿನಲ್ಲಿ, ನನಗೆ ತಿಳಿದ ಮಟ್ಟಿಗೆ, ಯಾರಿಗೂ ಹಾಗಾಗಲಿಲ್ಲ. ಅದಕ್ಕೆ ಕಾರಣ ಮಂಗಳೂರಿನ ಒಬ್ಬ ನರ್ಸ್ ಅಕ್ಕ. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ, ವೀಸಾ ಜೊತೆ ಆಗ ಕೊಡುತ್ತಿದ್ದ ಬಿಆರ್‌ಪಿ ಅನ್ನುವ ಫೋಟೋ ಕಾರ್ಡ್ ನಡೆಯುತ್ತದೆ, ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ನಡೆಯುತ್ತದೆ, ವಯಸ್ಸಾದವರ ಬಸ್ ಪಾಸ್ ಕೂಡ ನಡೆಯುತ್ತದೆ, ಫೋನಿನಲ್ಲಿರುವ ಫೋಟೋ ಮಾತ್ರ ನಡೆಯುವುದಿಲ್ಲ. ಇಷ್ಟನ್ನೂ ಅವರು ಕನ್ನಡದಲ್ಲಿ ಬರೆದು, ಅದನ್ನು ಓದಿ ಧ್ವನಿಯಲ್ಲೂ ಕಳಿಸಿದ್ದರು. ಅಜ್ಜಿಯರಿಗೆ ಓದುವುದಕ್ಕಿಂತ ಕೇಳುವುದು ಸುಲಭ ಅಲ್ವಾ. ಮತದಾನದ ದಿನ ರಾತ್ರಿ ಪಾಳಿ ಮುಗಿಸಿ ಯೂನಿಫಾರ್ಮ್ ಮೇಲೆ ಕೋಟು ಹಾಕಿಕೊಂಡು, ಬಾಗಿಲು ತೆಗೆಯುವ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಬೂತಿನ ಮುಂದೆ ನಿಂತಿದ್ದವರೂ ಅವರೇ. ಅಕ್ಕ, ಅವತ್ತು ನೀವು ಸೀದಾ ಮನೆಗೆ ಹೋಗಿ ಮಲಗಬಹುದಿತ್ತು.

ಬೂತಿನ ಒಳಗೆ ಕೂತಿದ್ದ ಸಿಬ್ಬಂದಿಗೂ ಧನ್ಯವಾದ ಹೇಳಲೇಬೇಕು. ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಅದೇ ಕುರ್ಚಿ. ನಾನು ಹೋದಾಗ ನನ್ನ ಮುಂದೆ ನಮ್ಮ ಶಿವಮೊಗ್ಗದ ಮಾವ ಇದ್ದರು. ಮಗನ ಜೊತೆ ಇಲ್ಲೇ ನೆಲೆಸಿ ಬಹಳ ಕಾಲವಾಗಿದೆ, ಆದರೆ ಇಲ್ಲಿ ಓಟು ಹಾಕಿದ್ದು ಇದೇ ಮೊದಲು. ಬಸ್ ಪಾಸ್ ತೋರಿಸಿದರು. ಅಲ್ಲಿದ್ದ ಹೆಂಗಸು ಫೋಟೋ ನೋಡಿ, ಮುಖ ನೋಡಿ, ಅವರ ಉದ್ದ ಹೆಸರನ್ನು ನಿಧಾನವಾಗಿ ಪೂರ್ತಿ ಓದಿ, "ಸರಿಯಾಗಿ ಹೇಳಿದೆನಾ?" ಅಂತ ಕೇಳಿದರು. ಮಾವನಿಗೆ ಖುಷಿಯೋ ಖುಷಿ. ಚೀಟಿ ಕೈಗೆ ಬಂತು. ಮರದ ಗೂಡಿನಲ್ಲಿ ದಾರ ಕಟ್ಟಿದ ಒಂದು ಪೆನ್ಸಿಲ್. ಅದರಲ್ಲಿ ಕತ್ತರಿ ಗುರುತು ಹಾಕಿ, ಮಡಚಿ, ಪೆಟ್ಟಿಗೆಗೆ ಹಾಕಿದರು. ಆಮೇಲೆ ಎಡಗೈ ತೋರುಬೆರಳು ಮುಂದೆ ಚಾಚಿ ನಿಂತೇ ಇದ್ದರು. ಇಲ್ಲಿ ಶಾಯಿ ಹಚ್ಚುವುದಿಲ್ಲ ಅಂತ ನಾನು ಹೇಳಬೇಕಾಯಿತು. "ಮೈಸೂರಿನ ಶಾಯಿ ಇಲ್ದೆ ಓಟು ಹಾಕಿದ ಹಾಗೇ ಅನ್ನಿಸಲ್ಲಮ್ಮ" ಅಂದರು. ಸಿಬ್ಬಂದಿ ಏನದು ಅಂತ ಕೇಳಿದಾಗ ಮಾವ ತಮಗೆ ಬಂದ ಇಂಗ್ಲಿಷಿನಲ್ಲಿ ಇಡೀ ಕಥೆ ಹೇಳಿದರು. ಹಿಂದೆ ಯಾರೂ ಇರಲಿಲ್ಲವಾದ್ದರಿಂದ ಅವರೂ ಆಸಕ್ತಿಯಿಂದ ಕೇಳಿದರು. ಆ ಗೌರವಕ್ಕೆ ನನ್ನ ನಮಸ್ಕಾರ.

ಗೋವಾದ ನೆರೆಯವರನ್ನು ಮರೆಯುವಂತಿಲ್ಲ. ಸ್ವಿಂಡನ್‌ನಲ್ಲಿ ಗೋವಾದವರು ತುಂಬ ಜನ ಇದ್ದಾರೆ, ಎಷ್ಟೋ ಜನರ ಬಳಿ ಪೋರ್ಚುಗಲ್ ಪಾಸ್‌ಪೋರ್ಟ್ ಇದೆ. ಅವರಿಗೂ ಈ ಚುನಾವಣೆಯಲ್ಲಿ ಓಟಿತ್ತು. ಕಾರವಾರದ ನಮ್ಮ ಗೆಳತಿಗೆ ಕೊಂಕಣಿಯೂ ಬರುತ್ತದೆ, ಕನ್ನಡವೂ ಬರುತ್ತದೆ. ಅವಳು ಎರಡೂ ಕಡೆ ಓಡಾಡಿ, ಅವರ ಗುಂಪಿನಿಂದ ಕಾರು ಇರುವ ಇಬ್ಬರನ್ನು ನಮ್ಮ ವಯಸ್ಸಾದವರಿಗಾಗಿ ಒಪ್ಪಿಸಿದಳು. ಸಂಜೆ ಅದೇ ಕಾರುಗಳಲ್ಲಿ ನಮ್ಮ ಅಜ್ಜಿಯರೂ ಅವರ ಅಜ್ಜಿಯರೂ ಒಟ್ಟಿಗೆ ಹೋಗಿ ಬಂದರು. ವಿಸಿಟರ್ ವೀಸಾದಲ್ಲಿ ಬಂದಿದ್ದ ನನ್ನ ಅತ್ತೆಗೆ ಓಟಿಲ್ಲ. ಆದರೆ ಅವತ್ತು ನಮ್ಮ ಮನೆಗೆ ಬಂದುಹೋದವರಿಗೆಲ್ಲ ಗಿರ್ಮಿಟ್ ಕಲಸಿ ಮಿರ್ಚಿ ಭಜಿ ಕರಿದು ಕೊಟ್ಟಿದ್ದು ಅವರೇ. ಅತ್ತೆ, ನಿಮಗೂ ಥ್ಯಾಂಕ್ಸ್.

ಸೋತ ಅಭ್ಯರ್ಥಿಗಳಿಗೂ ಒಂದು ಮಾತು. ಗೆದ್ದವರಿಗೆ ಅಭಿನಂದನೆ ಹೇಳಲು ಜನ ಇದ್ದೇ ಇರುತ್ತಾರೆ. ನಮ್ಮ ವಾರ್ಡಿನಲ್ಲಿ ಸೋತವರೊಬ್ಬರು ಮಳೆಯಲ್ಲಿ ನೆನೆಯುತ್ತಾ ನಮ್ಮ ಬೀದಿಗೆ ಬಂದಿದ್ದರು. ಮೂಲೆಮನೆ ಆಂಟಿಯ ಬಸ್ ನಿಲ್ದಾಣದ ದೂರನ್ನು ಪೂರ್ತಿ ಕೇಳಿಸಿಕೊಂಡು, ಬರೆದುಕೊಂಡು ಹೋದರು. ಫಲಿತಾಂಶ ಬಂದ ಮೇಲೂ ಮತ್ತೆ ಬಂದರು. ಆ ದೂರನ್ನು ಗೆದ್ದವರಿಗೆ ದಾಟಿಸಿದ್ದೇನೆ ಅಂತ ಹೇಳಿ ಹೋದರು. ಇಂಥವರು ಇರುವುದರಿಂದಲೇ ನನಗೆ ಈ ಸಣ್ಣ ಚುನಾವಣೆ ದೊಡ್ಡದಾಗಿ ಕಾಣುತ್ತದೆ. ನಮ್ಮ ಕಸದ ಬಿನ್, ರಸ್ತೆಯ ಗುಂಡಿ, ಮಕ್ಕಳಿಗೆ ಶಾಲೆಯ ಸೀಟು, ಲೈಬ್ರರಿ, ವಯಸ್ಸಾದವರ ಆರೈಕೆ, ಎಲ್ಲ ನೋಡಿಕೊಳ್ಳುವುದು ಈ ಕೌನ್ಸಿಲ್ಲೇ. ಇಂಗ್ಲೆಂಡಿನ ಎಷ್ಟೋ ಕಡೆ ಈ ಕೆಲಸ ಕೌಂಟಿಗೊಂದು ಪಾಲು, ಡಿಸ್ಟ್ರಿಕ್ಟಿಗೊಂದು ಪಾಲು ಅಂತ ಹಂಚಿಹೋಗಿದೆ. ಸ್ವಿಂಡನ್‌ನಲ್ಲಿ 1997ರಿಂದ ಎರಡೂ ಒಂದೇ ಕಡೆ. ಕೌನ್ಸಿಲ್ ಟ್ಯಾಕ್ಸ್ ಅಂತ ನಾವು ಕಟ್ಟುವ ದುಡ್ಡಿಗೆ ಲೆಕ್ಕ ಕೇಳುವ ಜಾಗ ಇದು. ಆದರೂ ಇಂಥ ಚುನಾವಣೆಗೆ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಮೂವರಲ್ಲಿ ಒಬ್ಬರಷ್ಟೇ ಬರುತ್ತಾರೆ. ಅತ್ತ ಕರ್ನಾಟಕದಲ್ಲಿ ಈ ಸಲ ನೂರಕ್ಕೆ 73 ಜನ ಓಟು ಹಾಕಿದ್ದಾರೆ. ಆ ರೂಢಿಯನ್ನು ಇಲ್ಲಿಗೂ ತಂದ ನಿಮ್ಮೆಲ್ಲರ ಬಗ್ಗೆ ನನಗೆ ಹೆಮ್ಮೆ.

ಮುಂದಿನ ವರ್ಷ, 2024ರ ಮೇ ತಿಂಗಳಲ್ಲಿ, ಇಲ್ಲಿ ಮತ್ತೆ ಮೂರನೇ ಒಂದು ಭಾಗದ ಸೀಟುಗಳಿಗೆ ಚುನಾವಣೆ ಇದೆ. ಈ ಬೇಸಿಗೆಯಲ್ಲಿ ಮನೆ ಬದಲಾಯಿಸುವವರು ಹೊಸ ವಿಳಾಸಕ್ಕೆ ಹೆಸರನ್ನು ಮತ್ತೆ ನೋಂದಾಯಿಸಬೇಕು, ಹಳೆಯದು ತಾನಾಗಿ ಬರುವುದಿಲ್ಲ. ಐದು ನಿಮಿಷದ ಕೆಲಸ. ಕಷ್ಟ ಅನ್ನಿಸಿದರೆ ನನಗೊಂದು ಫೋನ್ ಮಾಡಿ, ಸಂಜೆ ಆರರ ಮೇಲೆ ನಾನೇ ಮನೆಗೆ ಬರುತ್ತೇನೆ.