ಕಾರವಾರದ ಕಡಲತೀರದ ಗಿಟಾರ್ ಕಾರ್ಯಕ್ರಮದಲ್ಲಿ ಧ್ವನಿ ವ್ಯವಸ್ಥೆ ಕೆಟ್ಟ ಬಗ್ಗೆ ದೂರು

ಇಂದ,
ಟಿಕೆಟ್ ಪಡೆದು ಬಂದಿದ್ದ ಕಾರವಾರ, ಅಂಕೋಲಾ, ಕುಮಟಾ ಮತ್ತು ಶಿರಸಿಯ ಕೇಳುಗರು

ಗೆ,
ವ್ಯವಸ್ಥಾಪಕರು,
ಕಾರ್ಯಕ್ರಮದ ಆಯೋಜಕ ಕಂಪನಿ

ವಿಷಯ: ಧ್ವನಿ ವ್ಯವಸ್ಥೆಯ ಲೋಪ, ತಡವಾದ ಆರಂಭ ಹಾಗೂ ಟಿಕೆಟ್ ಹಣದ ಭಾಗಶಃ ಮರುಪಾವತಿ

ಮಾನ್ಯರೇ,

ಪ್ರೊಗ್ರೆಸಿವ್ ರಾಕ್ (ದೀರ್ಘ, ಜಟಿಲ ಕೃತಿಗಳಿಗೆ ಹೆಸರಾದ ರಾಕ್ ಸಂಗೀತ) ಶೈಲಿಯ ಹಿರಿಯ ಗಿಟಾರ್ ವಾದಕರೊಬ್ಬರನ್ನು ನಮ್ಮ ಜಿಲ್ಲೆಗೆ ಕರೆಸಿದ್ದಕ್ಕೆ ಮೊದಲು ಕೃತಜ್ಞತೆ. ಕಲಾವಿದರ ಮೇಲೆ ನಮ್ಮ ದೂರು ಏನೂ ಇಲ್ಲ, ಹಾಗಾಗಿ ಅವರ ಹೆಸರನ್ನು ಈ ಪತ್ರದೊಳಗೆ ತರುವುದಿಲ್ಲ. ಅವರು ನುಡಿಸಿದರು. ಅದು ನಮ್ಮ ಕಿವಿಯವರೆಗೆ ಬರಲಿಲ್ಲ, ಇಷ್ಟೇ ನಮ್ಮ ತಕರಾರು.

ಮೊದಲ ಹಾಡಿನಿಂದಲೇ ಸ್ಪೀಕರುಗಳಲ್ಲಿ ‘ಗುಂ’ ಎಂಬ ಸದ್ದು ಇತ್ತು. ಅದು 50 ಹರ್ಟ್ಸ್‌ನ ಕರೆಂಟಿನ ಸದ್ದು. ವೇದಿಕೆಗೆ ಜನರೇಟರಿನಿಂದ, ಮಿಕ್ಸರಿಗೆ ಬೀದಿಯ ಲೈನಿನಿಂದ ವಿದ್ಯುತ್ ಕೊಟ್ಟಿದ್ದು ಎಲ್ಲರ ಕಣ್ಣಿಗೂ ಬೀಳುವಂತಿತ್ತು. ಎರಡು ಕಡೆಯ ಅರ್ಥಿಂಗ್ ಬೇರೆ ಬೇರೆಯಾದಾಗ ನಡುವಿನ ವೋಲ್ಟೇಜ್ ವ್ಯತ್ಯಾಸ ಕೇಬಲ್ಲಿನ ಮೂಲಕ ಹರಿದು ಹೀಗೆ ಗುಂಯ್‌ಗುಡುತ್ತದೆ. ಮೇಲಿನ ಒಣ ಮರಳಲ್ಲಿ ಗೂಟ ಹೊಡೆದರೆ ಅರ್ಥಿಂಗ್ ಸಿಗುವುದಿಲ್ಲ, ಕೆಳಗಿನ ತೇವಕ್ಕೆ ಅದು ಮುಟ್ಟಬೇಕು. ವೇದಿಕೆಗೂ ಮಿಕ್ಸರಿಗೂ ಒಂದೇ ಮೂಲದ ವಿದ್ಯುತ್, ಒಂದೇ ಅರ್ಥಿಂಗ್ ಕೊಟ್ಟು, ಅಗತ್ಯವಿದ್ದಲ್ಲಿ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ವಾದ್ಯದ ಸಂಕೇತವನ್ನು ಮಿಕ್ಸರಿಗೆ ಹೊಂದುವಂತೆ ಮಾಡುವ ಪೆಟ್ಟಿಗೆ) ಹಾಕಿದ್ದರೆ ಸಾಕಿತ್ತು.

ನಿಮ್ಮ ಸೌಂಡ್‌ನವರು ಅದನ್ನು ಸರಿಪಡಿಸದೆ ಗಿಟಾರಿನ ಚಾನಲ್‌ಗೆ ನಾಯ್ಸ್ ಗೇಟ್ ಹಾಕಿ ಮುಚ್ಚಿದರು. ಒಂದು ತಪ್ಪನ್ನು ಮುಚ್ಚಲು ಮಾಡಿದ ಈ ಎರಡನೆಯ ತಪ್ಪೇ ಇಡೀ ಕಾರ್ಯಕ್ರಮವನ್ನು ಕೊಂದಿತು. ಈ ಕಲಾವಿದರು ತಂತಿ ಮೀಟುವಾಗ ವಾಲ್ಯೂಮ್ ಪೆಡಲ್ ಮುಚ್ಚಿಟ್ಟು, ಆಮೇಲೆ ಕಾಲಿನಿಂದ ಮೆಲ್ಲನೆ ತೆರೆಯುತ್ತಾರೆ. ಮೀಟಿದ ಪೆಟ್ಟು ಕೇಳದೆ, ಪಿಟೀಲಿನ ಕಮಾನು ಎಳೆದ ಹಾಗೆ ಸ್ವರ ಮೌನದೊಳಗಿಂದ ಏಳುತ್ತದೆ. ಗೊತ್ತುಮಾಡಿದ ಮಟ್ಟಕ್ಕಿಂತ ಕೆಳಗಿನ ಸದ್ದನ್ನೆಲ್ಲ ಗೇಟ್ ಕತ್ತರಿಸುವುದರಿಂದ ಆ ಏಳುವಿಕೆಯೇ ನಮಗೆ ಸಿಗಲಿಲ್ಲ. ಸ್ವರ ಅರ್ಧದಿಂದ ‘ಟಕ್’ ಎಂದು ಶುರುವಾಗುತ್ತಿತ್ತು, ಕೊನೆಯಲ್ಲಿ ಕರಗುವ ಮೊದಲೇ ಹರಿದು ಹೋಗುತ್ತಿತ್ತು. ಇಂಥ ಗಿಟಾರಿಗೆ ಗೇಟ್ ಹಾಕಲೇಬಾರದು.

ಹಿಂದಿನ ಬ್ಲಾಕಿನವರ ಪಾಡು ಇನ್ನೂ ಕಷ್ಟದ್ದು. ವೇದಿಕೆಯಿಂದ ಸುಮಾರು 45 ಮೀಟರ್ ದೂರದಲ್ಲಿ ಎರಡು ಸ್ಪೀಕರ್ ಗೋಪುರ ನಿಲ್ಲಿಸಿದ್ದಿರಿ, ಆದರೆ ಅವಕ್ಕೆ ಡಿಲೇ, ಅಂದರೆ ಸದ್ದನ್ನು ಬೇಕೆಂದೇ ತುಸು ತಡಮಾಡುವ ವ್ಯವಸ್ಥೆ, ಕೊಟ್ಟಿರಲಿಲ್ಲ. 28 ಡಿಗ್ರಿ ಸೆಕೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 348 ಮೀಟರ್ ಸಾಗುತ್ತದೆ. ವೇದಿಕೆಯ ಸದ್ದು ಅಲ್ಲಿಗೆ ತಲುಪಲು ಸುಮಾರು 129 ಮಿಲಿಸೆಕೆಂಡ್ ಬೇಕು. ಗೋಪುರಕ್ಕೂ ಅಷ್ಟು ಡಿಲೇ ಕೊಟ್ಟು, ಸದ್ದು ವೇದಿಕೆಯಿಂದಲೇ ಬಂದಂತೆ ಕೇಳಲು ಮೇಲೆ ಹತ್ತು ಹದಿನೈದು ಮಿಲಿಸೆಕೆಂಡ್ ಸೇರಿಸುವುದು ವಾಡಿಕೆ. ನಿಮಿಷಕ್ಕೆ 120 ಬಡಿತದ ಲಯದಲ್ಲಿ, ಬಡಿತಕ್ಕೆ ನಾಲ್ಕು ಸ್ವರ ನುಡಿಸಿದರೆ ಒಂದು ಸ್ವರಕ್ಕೆ ಸಿಗುವ ಕಾಲ 125 ಮಿಲಿಸೆಕೆಂಡ್. ಎಂದರೆ ಪ್ರತಿ ಸ್ವರವೂ ಮುಂದಿನ ಸ್ವರದ ಮೇಲೆ ಬಂದು ಬೀಳುತ್ತಿತ್ತು. ಈ ಸಂಗೀತದಲ್ಲಿ ಬರುವ ಏಳು ಮಾತ್ರೆಯ ಲಯ ನಮ್ಮವರಿಗೆ ಹೊಸದಲ್ಲ, ಯಕ್ಷಗಾನದ ತ್ರಿವುಡೆ ಕೇಳಿ ಬೆಳೆದ ಕಿವಿಗಳಿವು. ಆದರೆ ಡ್ರಮ್ಮಿನ ಪ್ರತಿ ಪೆಟ್ಟು ಎರಡೆರಡು ಸಲ ಕೇಳಿದರೆ ಯಾವ ತಾಳವನ್ನು ಎಣಿಸುವುದು?

ಸಬ್‌ವೂಫರುಗಳನ್ನು (ತಗ್ಗಿನ ಸದ್ದಿನ ಸ್ಪೀಕರುಗಳನ್ನು) ಡಿಜೆ ಕಾರ್ಯಕ್ರಮದ ಮಟ್ಟಕ್ಕೆ ಏರಿಸಿದ್ದಿರಿ. ಚಂಡೆಯ ಮೈಕ್ ಏರಿಸಿ ಭಾಗವತರ ಪದ್ಯ ಮುಳುಗಿಸುವ ಮೈಕ್ ಸೆಟ್‌ನವರನ್ನು ನಮ್ಮಲ್ಲಿ ಆಟದ ನಡುವೆಯೇ ಎದ್ದು ಹೋಗಿ ಕೇಳುತ್ತಾರೆ. ಇಲ್ಲಿ ಮಿಕ್ಸರ್ ಹತ್ತಿರ ಹೋದವರನ್ನು ನಿಮ್ಮ ಕಾವಲಿನವರು ಹಿಂದಕ್ಕೆ ಕಳಿಸಿದರು.

ನೈಲಾನ್ ತಂತಿಯ ಗಿಟಾರ್ ತಗಡು ಬಡಿದಂತೆ ಕೇಳಿತು. ಗಿಟಾರಿನ ಕಂಪನವನ್ನು ಹಿಡಿಯುವ ಪೀಜೋ ಪಿಕಪ್ಪನ್ನು ನೇರವಾಗಿ ಲೈನ್ ಇನ್‌ಪುಟ್ಟಿಗೆ ಸಿಕ್ಕಿಸಿದರೆ ಕೆಳಗಿನ ಸ್ವರಗಳು ಸೊರಗುತ್ತವೆ. ಕನಿಷ್ಠ 1 ಮೆಗಾಓಮ್ ತಡೆಯ ಇನ್‌ಪುಟ್ ಇರುವ ಡಿಐ ಅಲ್ಲಿ ಬೇಕು. ಇನ್ನೊಂದು ಮಾತು: ಸಂಜೆ ನಾಲ್ಕರ ಸೌಂಡ್ ಚೆಕ್ ಮಾತ್ರ ನೆಚ್ಚಿಕೊಂಡರೆ ಈ ದಂಡೆಯಲ್ಲಿ ಕೆಲಸ ಕೆಡುತ್ತದೆ. ಹಗಲು ಕಡಲಿನಿಂದ ಬೀಸುವ ಗಾಳಿ ಕತ್ತಲಾದ ಮೇಲೆ ನೆಲದ ಕಡೆಯಿಂದ ಕಡಲಿಗೆ ತಿರುಗುತ್ತದೆ, ಅದರ ಜೊತೆಗೆ ಎತ್ತರದ ಸ್ವರಗಳು ತಲುಪುವ ರೀತಿಯೂ ಬದಲಾಗುತ್ತದೆ. ಮೀನುಗಾರರಲ್ಲಿ ಯಾರನ್ನು ಕೇಳಿದ್ದರೂ ಗಾಳಿಯ ಹೊತ್ತು ಹೇಳುತ್ತಿದ್ದರು.

ಇನ್ನು ಸಮಯದ ವಿಷಯ. ಟಿಕೆಟ್ಟಿನಲ್ಲಿದ್ದದ್ದು 6:30, ಶುರುವಾದದ್ದು 7:50ಕ್ಕೆ. ಕೊನೆಯ ದೀರ್ಘ ಕೃತಿ ಆರಂಭವಾದದ್ದು 9:42ಕ್ಕೆ, ಹತ್ತು ಗಂಟೆಗೆ ಸರಿಯಾಗಿ ನೀವು ಸ್ಪೀಕರ್ ಬಂದ್ ಮಾಡಿದಿರಿ. ಬಂದ್ ಮಾಡಿದ್ದು ಸರಿಯೇ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ತಪ್ಪಾಗಿದ್ದು ಲೆಕ್ಕದಲ್ಲಿ. ಈ ಸಂಗೀತದಲ್ಲಿ ಹಲವು ಕೃತಿಗಳು ನಾಲ್ಕೈದು ನಿಮಿಷಕ್ಕೆ ಮುಗಿಯುವುದಿಲ್ಲ. 1972ರ ಎರಡು ಪ್ರಸಿದ್ಧ ಕೃತಿಗಳನ್ನೇ ನೋಡಿ, ಯೆಸ್ ತಂಡದ ‘ಕ್ಲೋಸ್ ಟು ದಿ ಎಡ್ಜ್’ 18 ನಿಮಿಷ ಮೀರುತ್ತದೆ, ಜೆನೆಸಿಸ್‌ನ ‘ಸಪ್ಪರ್ಸ್ ರೆಡಿ’ ಸುಮಾರು 23 ನಿಮಿಷ. ಅರ್ಧ ಗಂಟೆಯಾದರೂ ಕೈಯಲ್ಲಿರದೆ ಇಂಥದ್ದನ್ನು ಆರಂಭಿಸಲು ಕಲಾವಿದರಿಗೆ ಹೇಳಬಾರದಿತ್ತು. ದೇವಿಮನೆ ಘಾಟಿ ಇಳಿದು ಬಂದ ಶಿರಸಿಯವರು ಕೃತಿಯ ಕೊನೆಯ ಭಾಗ ಕೇಳದೆಯೇ ಘಾಟಿ ಹತ್ತಿದರು.

ನಮ್ಮ ಬೇಡಿಕೆಗಳು ಇವು. ಹಿಂದಿನ ಬ್ಲಾಕಿನ 1,500 ರೂಪಾಯಿಯ ಟಿಕೆಟ್ಟಿಗೆ ಅರ್ಧ ಹಣ, ಮುಂದಿನ 3,000 ರೂಪಾಯಿಯದಕ್ಕೆ ಕಾಲು ಭಾಗ 30 ದಿನಗಳೊಳಗೆ ಮರಳಿಸಬೇಕು. ಮೇಲಿನ ಒಂದೊಂದು ಲೋಪಕ್ಕೂ ನಿಮ್ಮ ಸೌಂಡ್ ಎಂಜಿನಿಯರ್ ಲಿಖಿತ ಉತ್ತರ ಕೊಡಬೇಕು. ಕಾರ್ಯಕ್ರಮವನ್ನು ಮಿಕ್ಸರಿನಲ್ಲಿ ಚಾನಲ್‌ವಾರು ರೆಕಾರ್ಡ್ ಮಾಡಿದ್ದರೆ ದಯವಿಟ್ಟು ಅಳಿಸಬೇಡಿ. ಕಲಾವಿದರು ಒಪ್ಪಿದರೆ ಟಿಕೆಟ್ ಪಡೆದವರಿಗೆ ಅದನ್ನು ಗೇಟ್ ಇಲ್ಲದೆ ಮಿಕ್ಸ್ ಮಾಡಿ ಕೇಳಿಸಿ. ನಮಗೆ ಹಣಕ್ಕಿಂತ ಅದೇ ಮುಖ್ಯ. ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ.

ಟಿಕೆಟ್‌ಗಳ ಪ್ರತಿ ಹಾಗೂ ಹಿಂದಿನ ಬ್ಲಾಕಿನಲ್ಲಿ ಫೋನಿನಲ್ಲಿ ತೆಗೆದ ಎರಡು ವಿಡಿಯೊಗಳನ್ನು ಲಗತ್ತಿಸಿದ್ದೇವೆ. ಜೋಡಿ ಪೆಟ್ಟು ಅವುಗಳಲ್ಲಿ ಸ್ಪಷ್ಟವಾಗಿ ಕೇಳುತ್ತದೆ.

ಇಂತಿ,
ಟಿಕೆಟ್ ಪಡೆದ ಕೇಳುಗರು
ಕಾರವಾರ