ನೀರಿನ ಕ್ಯಾನ್ ತಂದ ಅಣ್ಣನಿಗೆ

ನಮ್ಮ ಮದುವೆಯಾಗಿ ಎರಡು ತಿಂಗಳು. ಭಾನುವಾರ ಬುತ್ತಿ ಕಟ್ಟಿಕೊಂಡು ಇಬ್ಬರೂ ಕೆರೆ ಕಡೆ ಸುತ್ತಾಡಿ ಬರೋಣ ಅಂತ ಬೆಳಿಗ್ಗೆಯೇ ಬೇಳೆ ಬೇಯಲು ಇಟ್ಟಿದ್ದೆ. ಎಷ್ಟು ಹೊತ್ತಾದರೂ ಕುಕ್ಕರ್ ಕೂಗಲೇ ಇಲ್ಲ. ಪಕ್ಕದಿಂದ ಬುಸ್ ಅಂತ ಹಬೆ. ಇವರು ಸ್ನಾನಕ್ಕೆ ಹೋಗಿದ್ದರು. ನಾನು ಗಾಬರಿಯಲ್ಲಿ ಮುಚ್ಚಳದ ಹಿಡಿ ಎಳೆಯುತ್ತಿದ್ದೆ.

ಅಷ್ಟರಲ್ಲಿ ನೀವು ಬಾಗಿಲಿಗೆ ಬಂದಿರಿ. "ಅಕ್ಕಾ, ಎಳೀಬೇಡಿ, ಒಳಗೆ ಹಬೆ ಇದೆ" ಅಂತ ಕ್ಯಾನ್ ಅಲ್ಲೇ ಇಳಿಸಿ, ಚಪ್ಪಲಿ ಬಿಟ್ಟು ಬಂದು ಮೊದಲು ಒಲೆ ಆರಿಸಿದಿರಿ. ತಣ್ಣಗಾಗುವವರೆಗೆ ಮುಟ್ಟಲು ಬಿಡಲಿಲ್ಲ. ಆಮೇಲೆ ಮುಚ್ಚಳವನ್ನು ಕಿಟಕಿ ಬೆಳಕಿಗೆ ಹಿಡಿದು, ವಿಶಲ್ ಕೂರುವ ಕೊಳವೆಯೊಳಗೆ ಒಂದು ಕಣ್ಣು ಮುಚ್ಚಿ ನೋಡಿದಿರಿ. ಬೇಳೆ ಚೂರು ಕಟ್ಟಿಕೊಂಡಿತ್ತು. ಸೂಜಿಯಿಂದ ತೆಗೆದು, ತೊಳೆದು, ಆ ತೂತಿನಲ್ಲಿ ಕಾಣುವ ಚುಕ್ಕೆ ಬೆಳಕನ್ನು ನನಗೂ ತೋರಿಸಿದಿರಿ. "ಇದು ಕಟ್ಟಿಕೊಂಡರೆ ಅಪಾಯ, ದಿನಾ ನೋಡಿ ಇಡಿ" ಅಂದಿರಿ. ಗ್ಯಾಸ್ಕೆಟ್ ಗಟ್ಟಿಯಾಗಿತ್ತು. ಅದನ್ನು ತಣ್ಣೀರಲ್ಲಿ ಅದ್ದಿ ಕೂರಿಸಿ, ಇವತ್ತಿಗೆ ನಡೆಯುತ್ತೆ, ಬೇಗ ಹೊಸದು ಹಾಕಿ ಅಂದಿರಿ.

ಮೂರನೇ ಕೂಗು ಕೇಳಿದ ಮೇಲೇ ನನ್ನ ಕೈ ನಡುಕ ನಿಂತಿದ್ದು. ಟೀ ಕೊಡ್ತೀನಿ ಅನ್ನುವಷ್ಟರಲ್ಲಿ ನೀವು ಖಾಲಿ ಕ್ಯಾನ್ ಹಿಡಿದು ಅರ್ಧ ಮೆಟ್ಟಿಲು ಇಳಿದಾಗಿತ್ತು.

ಮಧ್ಯಾಹ್ನ ಕೆರೆ ದಂಡೆಯಲ್ಲಿ ಊಟ ಮಾಡುವಾಗ ಇಬ್ಬರಿಗೂ ನಿಮ್ಮದೇ ಮಾತು. ಈ ವಾರ ಕ್ಯಾನ್ ತಂದವರು ಬೇರೆಯವರು. ನಿಮ್ಮ ಹೆಸರೂ ಕೇಳಿಕೊಳ್ಳಲಿಲ್ಲ, ಅದೇ ಬೇಜಾರು. ಹೊಸ ಗ್ಯಾಸ್ಕೆಟ್ ಹಾಕಿದ್ದೇನೆ ಅಣ್ಣ. ತುಂಬಾ ಥ್ಯಾಂಕ್ಸ್.